ತೆರೆದಿರುವ ಪುಟಕ್ಕೆ ತಕ್ಕಂತೆ ಬದಲಾಗುವ ನ್ಯಾವಿಗೇಷನ್ ಬಾರ್: ಯಾವ ಆ್ಯಪ್‌ಗೆ ಯಾವ ವಿಧಾನ?

ವೆಬ್ ಆ್ಯಪ್‌ನ ನ್ಯಾವಿಗೇಷನ್ ಬಾರ್ ಈಗ ತೆರೆದಿರುವ ಪುಟಕ್ಕೆ ತಕ್ಕಂತೆ ಬದಲಾಗಬೇಕು ಎನ್ನುವಾಗ ಎರಡು ಬೇರೆ ಬೇರೆ ಬೇಡಿಕೆಗಳು ಒಂದೇ ಮಾತಿನೊಳಗೆ ಸೇರಿಕೊಂಡಿರುತ್ತವೆ. ಬಳಕೆದಾರರು ಯಾವ ಪುಟದಲ್ಲಿದ್ದಾರೋ ಆ ಪುಟದ ಲಿಂಕ್ ಉಳಿದ ಲಿಂಕ್‌ಗಳ ನಡುವೆ ಎದ್ದು ಕಾಣಬೇಕು ಎಂಬುದು ಒಂದು. ಬಾರ್‌ನ ಇಡೀ ರೂಪವೇ ಪುಟದ ಬಗೆಯನ್ನು ಅನುಸರಿಸಬೇಕು, ಅಂದರೆ ಮುಖಪುಟದ ದೊಡ್ಡ ಚಿತ್ರದ ಮೇಲೆ ಅದು ಪಾರದರ್ಶಕವಾಗಿ ನಿಲ್ಲಬೇಕು, ಒಳಪುಟಗಳಲ್ಲಿ ಗಟ್ಟಿಯಾದ ಹಿನ್ನೆಲೆ ಪಡೆಯಬೇಕು, ಹಣ ಪಾವತಿಯ ಪುಟದಲ್ಲಿ ಲಿಂಕ್‌ಗಳನ್ನೆಲ್ಲ ಬಿಟ್ಟು ಲೋಗೋವನ್ನಷ್ಟೇ ತೋರಿಸಬೇಕು ಎಂಬುದು ಇನ್ನೊಂದು. ಮೊದಲನೆಯದು ಲಿಂಕ್‌ಗೆ ಸಂಬಂಧಿಸಿದ್ದು, ಎರಡನೆಯದು ಪುಟಕ್ಕೆ ಸಂಬಂಧಿಸಿದ್ದು. ಎರಡಕ್ಕೂ ಒಂದೇ ಉಪಾಯ ಹೂಡಿದಾಗ ಬಾರ್‌ನ ಕೋಡ್ ತುಂಬ 'ಈ ಪಾತ್ (ವಿಳಾಸದಲ್ಲಿ ತಾಣದ ಹೆಸರಿನ ನಂತರದ ಭಾಗ) ಆದರೆ ಹೀಗೆ, ಆ ಪಾತ್ ಆದರೆ ಹಾಗೆ' ಎಂಬ ಷರತ್ತುಗಳು ಬೆಳೆದು, ಹೊಸ ಪುಟ ಸೇರಿಸಿದಾಗಲೆಲ್ಲ ಅದೇ ಕಡತವನ್ನು ಮತ್ತೆ ತೆರೆಯಬೇಕಾಗುತ್ತದೆ.

ಈ ಕೆಲಸಕ್ಕೆ ವಿಧಾನಗಳು ಹಲವು. ಸರ್ವರ್‌ನ ಟೆಂಪ್ಲೇಟಿನಲ್ಲೇ ಗುರುತು ಹಾಕಬಹುದು, ಯಾವ ವಿಳಾಸಕ್ಕೆ ಯಾವ ಪುಟ ಎಂದು ತೀರ್ಮಾನಿಸುವ ರೂಟರ್ ಒದಗಿಸುವ ಲಿಂಕ್ ಕಾಂಪೊನೆಂಟ್ ಬಳಸಬಹುದು, ಯುಆರ್‌ಎಲ್‌ನ ಪಾತ್ ಅನ್ನು ನಾವೇ ಓದಿ ಹೋಲಿಸಬಹುದು, ಬಾಡಿ ಟ್ಯಾಗ್‌ಗೆ ಕ್ಲಾಸ್ ಹಾಕಬಹುದು, ಪುಟಗಳ ಗುಂಪಿಗೊಂದು ಲೇಔಟ್ (ಪುಟವನ್ನು ಸುತ್ತುವರಿಯುವ ಚೌಕಟ್ಟು) ಮಾಡಬಹುದು, ಸಿಎಸ್‌ಎಸ್‌ನ ಒಳಗೆ ಏನಿದೆ ಎಂದು ನೋಡಿ ಶೈಲಿ ಕೊಡುವ ಹ್ಯಾಸ್ ಸೆಲೆಕ್ಟರ್‌ಗೆ ಬಿಡಬಹುದು. ಇವುಗಳಲ್ಲಿ ಒಂದನ್ನು ಆರಿಸುವಾಗ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಯಾವ ಪುಟ ತೆರೆದಿದೆ ಎಂಬುದು ನಿಮ್ಮ ಆ್ಯಪ್‌ನಲ್ಲಿ ಈಗಾಗಲೇ ಯಾರಿಗೆ ಗೊತ್ತಿದೆ? ಗೊತ್ತಿರುವವರ ಬಾಯಿಂದಲೇ ಆ ಮಾತು ಬರುವ ವಿಧಾನ ಬಹುಕಾಲ ಬಾಳುತ್ತದೆ. ಗೊತ್ತಿಲ್ಲದ ಭಾಗವೊಂದು ಸುಳಿವು ಹಿಡಿದು ಊಹಿಸುವ ವಿಧಾನ ಮೊದಲ ದಿನ ಸರಿಯಾಗಿಯೇ ಕಂಡು, ಆ್ಯಪ್ ಬೆಳೆದಂತೆ ತಪ್ಪುತ್ತದೆ.

ವಿವರಣೆಗೆ ಪುಸ್ತಕ ಮಾರುವ ಒಂದು ಆ್ಯಪ್ ಇಟ್ಟುಕೊಳ್ಳೋಣ. ಅದರ ಬಾರ್‌ನಲ್ಲಿ ಮುಖಪುಟ, ಪುಸ್ತಕಗಳು, ಲೇಖಕರು, ನನ್ನ ಖಾತೆ ಎಂಬ ನಾಲ್ಕು ಲಿಂಕ್‌ಗಳಿವೆ. ಪುಸ್ತಕಗಳ ಪಟ್ಟಿಯಿಂದ ಒಂದೊಂದು ಪುಸ್ತಕದ ಸ್ವಂತ ಪುಟಕ್ಕೆ ಹೋಗಬಹುದು, ಆದರೆ ಆ ಒಳಪುಟಗಳಿಗೆ ಬಾರ್‌ನಲ್ಲಿ ಲಿಂಕ್ ಇಲ್ಲ.

ಮೊದಲು ಗುರುತು, ಆಮೇಲೆ ಬಣ್ಣ

ಯಾವ ವಿಧಾನ ಹಿಡಿದರೂ ಅದರ ಫಲ ಎಚ್‌ಟಿಎಂಎಲ್‌ನಲ್ಲಿ ಒಂದು ಗುರುತಾಗಿ ಬಂದು ಕೂರಬೇಕು. ಬಹುಕಾಲ ಈ ಗುರುತು 'ಆ್ಯಕ್ಟಿವ್' ಎಂಬ ಕ್ಲಾಸ್ ಆಗಿತ್ತು. ಬೂಟ್‌ಸ್ಟ್ರ್ಯಾಪ್ ಎಂಬ ಸಿದ್ಧ ಸಿಎಸ್‌ಎಸ್ ಸಂಗ್ರಹ ಬಳಸಿದವರಿಗೆಲ್ಲ ಅದು ಚಿರಪರಿಚಿತ. ಆದರೆ ಕ್ಲಾಸ್ ಕಣ್ಣಿಗೆ ಮಾತ್ರ ಸುದ್ದಿ ಮುಟ್ಟಿಸುತ್ತದೆ, ಪರದೆಯ ಪಠ್ಯವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರಿಗೆ ಏನನ್ನೂ ಹೇಳುವುದಿಲ್ಲ. ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ 2017ರ ಡಿಸೆಂಬರ್‌ನಲ್ಲಿ ಶಿಫಾರಸಾಗಿ ಪ್ರಕಟಿಸಿದ ಏರಿಯಾ 1.1, ಅಂದರೆ ಅಂಗವಿಕಲರಿಗೂ ವೆಬ್ ಬಳಸಲು ನೆರವಾಗುವ ಗುರುತುಗಳ ನಿಯಮಾವಳಿ, ಈ ಕೊರತೆಯನ್ನು ನೀಗಿಸಿತು. ಅದರಲ್ಲಿ ಬಂದ 'ಏರಿಯಾ-ಕರೆಂಟ್' ಎಂಬ ಆಟ್ರಿಬ್ಯೂಟ್‌ಗೆ 'ಪೇಜ್' ಎಂಬ ಮೌಲ್ಯ ಕೊಟ್ಟರೆ, ಸ್ಕ್ರೀನ್ ರೀಡರ್ ಆ ಲಿಂಕ್‌ನ ಹೆಸರಿನ ಜೊತೆಗೆ ಇದೇ ಈಗಿನ ಪುಟ ಎಂದು ಓದಿ ಹೇಳುತ್ತದೆ.

ನನ್ನ ಖಚಿತ ಅಭಿಪ್ರಾಯವೆಂದರೆ, ಇಂದು ಹೊಸದಾಗಿ ಬರೆಯುವ ಆ್ಯಪ್‌ಗೆ ಆ್ಯಕ್ಟಿವ್ ಕ್ಲಾಸ್ ಬೇಕಾಗಿಯೇ ಇಲ್ಲ. ಸಿಎಸ್‌ಎಸ್‌ನ ಆಟ್ರಿಬ್ಯೂಟ್ ಸೆಲೆಕ್ಟರ್ ಏರಿಯಾ-ಕರೆಂಟ್ ಇರುವ ಲಿಂಕ್ ಅನ್ನು ಹಿಡಿದು ನೇರವಾಗಿ ಬಣ್ಣ ಕೊಡಬಲ್ಲದು. ಹೀಗೆ ಮಾಡಿದಾಗ ಕಾಣುವುದಕ್ಕೂ ಕೇಳುವುದಕ್ಕೂ ಆಧಾರ ಒಂದೇ ಆಗುತ್ತದೆ. ಆಟ್ರಿಬ್ಯೂಟ್ ಹಾಕಲು ಮರೆತರೆ ಬಣ್ಣವೂ ಬರುವುದಿಲ್ಲವಾದ್ದರಿಂದ ಆ ತಪ್ಪು ಪರೀಕ್ಷಿಸುವವರ ಕಣ್ಣಿಗೆ ಅಂದೇ ಬೀಳುತ್ತದೆ. ಕ್ಲಾಸ್ ಬೇರೆ, ಆಟ್ರಿಬ್ಯೂಟ್ ಬೇರೆ ಎಂದು ಇಟ್ಟುಕೊಂಡ ಆ್ಯಪ್‌ಗಳಲ್ಲಿ ಬಣ್ಣ ಸರಿಯಾಗಿದ್ದು ಆಟ್ರಿಬ್ಯೂಟ್ ತಪ್ಪಾಗಿರುವ ಸ್ಥಿತಿ ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದೆ ಉಳಿಯಬಹುದು.

ಒಂದು ಸೂಕ್ಷ್ಮವನ್ನು ಇಲ್ಲಿಯೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು. ಒಂದು ಪುಸ್ತಕದ ಸ್ವಂತ ಪುಟದಲ್ಲಿದ್ದಾಗ 'ಪುಸ್ತಕಗಳು' ಲಿಂಕ್ ಎದ್ದು ಕಾಣಬೇಕು ಎಂಬುದರಲ್ಲಿ ತಕರಾರಿಲ್ಲ. ಆದರೆ ಅದು ಈಗಿನ ಪುಟವಲ್ಲ, ಈಗಿನ ಪುಟವನ್ನು ಒಳಗೊಂಡ ವಿಭಾಗ. ನಿಖರವಾಗಿ ಅದೇ ಪುಟವಾದಾಗ 'ಪೇಜ್' ಎಂದೂ, ವಿಭಾಗವಷ್ಟೇ ಆದಾಗ 'ಟ್ರೂ' ಎಂದೂ ಮೌಲ್ಯ ಕೊಡುವುದಕ್ಕೆ ಏರಿಯಾ ಅವಕಾಶ ನೀಡುತ್ತದೆ. ಎರಡಕ್ಕೂ ಒಂದೇ ಬಣ್ಣ ಕೊಡಬೇಕೋ, ವಿಭಾಗಕ್ಕೆ ಸ್ವಲ್ಪ ಮಂದವಾದ ಗುರುತು ಸಾಕೋ ಎಂಬುದು ವಿನ್ಯಾಸಕರಿಗೆ ಬಿಟ್ಟದ್ದು, ಆದರೆ ಎಚ್‌ಟಿಎಂಎಲ್‌ನಲ್ಲಿ ಈ ವ್ಯತ್ಯಾಸ ಉಳಿದಿರಬೇಕು.

ಪುಟವನ್ನು ಸರ್ವರ್ ಕಟ್ಟಿ ಕಳಿಸುವಾಗ

ಜಾಂಗೊ, ರೇಲ್ಸ್, ಲಾರಾವೆಲ್, ವರ್ಡ್‌ಪ್ರೆಸ್ ಮುಂತಾದ ಸರ್ವರ್ ಸಾಧನಗಳಲ್ಲಿ ಕಟ್ಟಿದ ಆ್ಯಪ್‌ನಲ್ಲಿ ಯಾವ ಪುಟ ಎಂಬುದು ಸರ್ವರ್‌ಗೆ ಗೊತ್ತಿಲ್ಲದೆ ಪುಟ ಹುಟ್ಟುವುದೇ ಇಲ್ಲ. ಆದ್ದರಿಂದ ಗುರುತು ಹಾಕುವ ಕೆಲಸವೂ ಅಲ್ಲಿಯೇ ಮುಗಿಯಬೇಕು. ಇಂಥ ಆ್ಯಪ್‌ಗಳಲ್ಲಿ ಬ್ರೌಸರ್‌ಗೆ ಜಾವಾಸ್ಕ್ರಿಪ್ಟ್ ಕಳಿಸಿ, ಪುಟ ಬಂದ ಮೇಲೆ ಎಲ್ಲ ಲಿಂಕ್‌ಗಳನ್ನೂ ಸುತ್ತಿ, ವಿಳಾಸ ಹೋಲಿಸಿ ಕ್ಲಾಸ್ ಅಂಟಿಸುವ ಪದ್ಧತಿ ಇಂದಿಗೂ ಕಾಣುತ್ತದೆ. ಅದರ ಅಗತ್ಯವೇ ಇಲ್ಲ. ನಿಧಾನ ನೆಟ್‌ವರ್ಕ್‌ನಲ್ಲಿ ಬಾರ್ ಮೊದಲು ಗುರುತಿಲ್ಲದೆ ಬಂದು ಆಮೇಲೆ ಮಿನುಗಿ ಬದಲಾಗುವುದು ಅದರ ನೇರ ಪರಿಣಾಮ.

ಜಾಂಗೊ ಟೆಂಪ್ಲೇಟಿನಲ್ಲಿ ರಿಕ್ವೆಸ್ಟ್‌ನೊಳಗಿನ 'ರಿಸಾಲ್ವರ್ ಮ್ಯಾಚ್' ಎಂಬ ವಸ್ತುವಿನಿಂದ ಯುಆರ್‌ಎಲ್‌ಗೆ ಇಟ್ಟ ಹೆಸರು ಸಿಗುತ್ತದೆ. ಲಾರಾವೆಲ್‌ನಲ್ಲಿ 'ರೂಟ್ ಈಸ್' ವಿಧಾನಕ್ಕೆ ರೂಟ್‌ನ (ವಿಳಾಸವನ್ನು ಪುಟಕ್ಕೆ ಜೋಡಿಸುವ ನಿಯಮದ) ಹೆಸರನ್ನು, ಬೇಕಾದರೆ ಕೊನೆಯಲ್ಲಿ ನಕ್ಷತ್ರ ಚಿಹ್ನೆ ಸೇರಿಸಿ ಇಡೀ ವಿಭಾಗವನ್ನು ಕೇಳಬಹುದು. ಎರಡರಲ್ಲೂ ಹೋಲಿಕೆ ನಡೆಯುವುದು ರೂಟ್‌ನ ಹೆಸರಿನ ಮೇಲೆ, ವಿಳಾಸದ ಅಕ್ಷರಗಳ ಮೇಲಲ್ಲ ಎಂಬುದೇ ಇವುಗಳ ಬಲ. ನಾಳೆ ವಿಳಾಸ ಬದಲಾದರೂ ಬಾರ್ ಕೆಡುವುದಿಲ್ಲ. ವರ್ಡ್‌ಪ್ರೆಸ್‌ನ ಮೆನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈಗಿನ ಪುಟ, ಅದರ ತಾಯಿ ಪುಟ, ಅದಕ್ಕೂ ಮೇಲಿನ ಪುಟಗಳಿಗೆ ಪ್ರತ್ಯೇಕ ಕ್ಲಾಸ್‌ಗಳನ್ನು ತಾನಾಗಿಯೇ ಹಾಕುತ್ತದೆ, ಈಗಿನ ಪುಟಕ್ಕೆ ಏರಿಯಾ-ಕರೆಂಟ್ ಅನ್ನೂ ಸೇರಿಸುತ್ತದೆ.

ರೇಲ್ಸ್‌ನ 'ಕರೆಂಟ್ ಪೇಜ್' ಸಹಾಯಕ ವಿಧಾನ ವಿಳಾಸವನ್ನೇ ಹೋಲಿಸುತ್ತದೆ, ಮತ್ತು ಸಹಜ ಸ್ಥಿತಿಯಲ್ಲಿ ಪುಟವನ್ನು ಕೇಳುವ ಗೆಟ್ ಹಾಗೂ ಹೆಡ್ ವಿನಂತಿಗಳಿಗೆ ಮಾತ್ರ ಹೌದು ಎನ್ನುತ್ತದೆ. ಇದರ ಪರಿಣಾಮ ಬಳಕೆದಾರರಿಗೆ ಹೀಗೆ ಕಾಣುತ್ತದೆ: 'ನನ್ನ ಖಾತೆ' ಪುಟದಲ್ಲಿ ಫಾರ್ಮ್ ತುಂಬಿ ಸಲ್ಲಿಸುತ್ತಾರೆ, ಫೋನ್ ಸಂಖ್ಯೆ ತಪ್ಪಾಗಿದೆಯೆಂದು ಅದೇ ಫಾರ್ಮ್ ಮತ್ತೆ ತೆರೆದುಕೊಳ್ಳುತ್ತದೆ, ಆದರೆ ಈ ಬಾರಿ ಪುಟ ಬಂದಿರುವುದು ಮಾಹಿತಿ ಸಲ್ಲಿಸುವ ಪೋಸ್ಟ್ ವಿನಂತಿಗೆ ಉತ್ತರವಾಗಿ. ಬಾರ್‌ನಲ್ಲಿ ಯಾವ ಲಿಂಕ್‌ಗೂ ಗುರುತಿಲ್ಲ. ಇಂಥ ಕಡೆ ವಿನಂತಿಯನ್ನು ನಿಭಾಯಿಸುವ ಕಂಟ್ರೋಲರ್‌ನ ಹೆಸರನ್ನು ಆಧಾರವಾಗಿ ಹಿಡಿಯುವುದು ಹೆಚ್ಚು ಭದ್ರ.

ಸರ್ವರ್ ವಿಧಾನಕ್ಕೆ ನಿಜವಾದ ಶತ್ರು ಕ್ಯಾಶ್, ಅಂದರೆ ಒಮ್ಮೆ ಕಟ್ಟಿದ್ದನ್ನು ಉಳಿಸಿಟ್ಟು ಮತ್ತೆ ಮತ್ತೆ ಕೊಡುವ ವ್ಯವಸ್ಥೆ. ಬಾರ್‌ನ ತುಣುಕನ್ನು ಎಲ್ಲ ಪುಟಗಳಿಗೂ ಒಂದೇ ಕೀಲಿ (ಉಳಿಸಿದ್ದನ್ನು ಮತ್ತೆ ಹುಡುಕುವ ಹೆಸರು) ಇಟ್ಟು ಕ್ಯಾಶ್ ಮಾಡಿದರೆ, ಮೊದಲು ಯಾವ ಪುಟ ತೆರೆಯಿತೋ ಅದರ ಗುರುತೇ ಎಲ್ಲರಿಗೂ ಎಲ್ಲ ಪುಟಗಳಲ್ಲೂ ಕಾಣುತ್ತದೆ. ಕೀಲಿಯಲ್ಲಿ ವಿಭಾಗದ ಹೆಸರು ಸೇರಬೇಕು, ಇಲ್ಲವೇ ಬಾರ್ ಕ್ಯಾಶ್‌ನಿಂದ ಹೊರಗಿರಬೇಕು. ಎಚ್‌ಟಿಎಂಎಕ್ಸ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಬಳಸಿ ಪುಟದ ನಡುಭಾಗವನ್ನಷ್ಟೇ ಬದಲಿಸುವ ಆ್ಯಪ್‌ಗಳಲ್ಲಿಯೂ ಇದೇ ಬಗೆಯ ತೊಂದರೆ ಎದುರಾಗುತ್ತದೆ. ನಡುಭಾಗ ಹೊಸದಾಗುತ್ತದೆ, ಬಾರ್ ಹಳೆಯದೇ ಉಳಿಯುತ್ತದೆ. ಉತ್ತರದ ಜೊತೆಯಲ್ಲಿಯೇ ಬಾರ್ ಅನ್ನೂ ಕಳಿಸಿ, 'ಔಟ್ ಆಫ್ ಬ್ಯಾಂಡ್' ವಿನಿಮಯದ ಮೂಲಕ ಅದನ್ನು ಅದರ ಜಾಗದಲ್ಲಿ ಕೂರಿಸುವುದು ಇದಕ್ಕೆ ಇರುವ ದಾರಿ.

ರೂಟರ್‌ನ ಲಿಂಕ್ ಕಾಂಪೊನೆಂಟ್‌ಗಳು

ಬ್ರೌಸರ್‌ನಲ್ಲಿಯೇ ಪುಟ ಬದಲಾಗುವ ಆ್ಯಪ್‌ನಲ್ಲಿ ಗೊತ್ತಿರುವವರು ರೂಟರ್. ಆ ರೂಟರ್ ಜೊತೆಗೆ ಬರುವ ಲಿಂಕ್ ಕಾಂಪೊನೆಂಟ್ ಇರುವಾಗ ಬೇರೆ ದಾರಿ ಹುಡುಕಬೇಕಾಗಿಲ್ಲ. ಆದರೆ ಇವು ಒಂದರಂತೆ ಒಂದು ಇಲ್ಲದಿರುವುದರಿಂದ, ಒಂದು ಫ್ರೇಮ್‌ವರ್ಕ್‌ನ ಅಭ್ಯಾಸವನ್ನು ಇನ್ನೊಂದಕ್ಕೆ ಹೊತ್ತುಕೊಂಡು ಹೋದವರು ಎಡವುತ್ತಾರೆ.

ರಿಯಾಕ್ಟ್ ರೂಟರ್‌ನ 'ನ್ಯಾವ್‌ಲಿಂಕ್' ಪಾತ್ ಹೊಂದಿದಾಗ ಆ್ಯಕ್ಟಿವ್ ಕ್ಲಾಸ್ ಅನ್ನೂ ಏರಿಯಾ-ಕರೆಂಟ್ ಅನ್ನೂ ಹಾಕುತ್ತದೆ. 2021ರ ನವೆಂಬರ್‌ನಲ್ಲಿ ಬಂದ 6ನೇ ಆವೃತ್ತಿಯಲ್ಲಿ ಹಳೆಯ 'ಆ್ಯಕ್ಟಿವ್ ಕ್ಲಾಸ್‌ನೇಮ್' ಮತ್ತು 'ಆ್ಯಕ್ಟಿವ್ ಸ್ಟೈಲ್' ಪ್ರಾಪ್‌ಗಳನ್ನು (ಕಾಂಪೊನೆಂಟ್‌ಗೆ ಕೊಡುವ ಮೌಲ್ಯಗಳನ್ನು) ತೆಗೆದುಹಾಕಿ, ಕ್ಲಾಸ್‌ನೇಮ್ ಪ್ರಾಪ್‌ಗೇ ಒಂದು ಫಂಕ್ಷನ್ ಕೊಡುವ ಪದ್ಧತಿ ತಂದರು; ನಿಖರ ಹೋಲಿಕೆ ಕೇಳುವ 'ಎಕ್ಸ್ಯಾಕ್ಟ್' ಎಂಬುದರ ಜಾಗಕ್ಕೆ 'ಎಂಡ್' ಬಂತು. ಹಳೆಯ ಪಾಠಗಳನ್ನು ನೋಡಿ ನಕಲು ಮಾಡಿದ ಕೋಡ್ ಕೆಲಸ ಮಾಡದಿರುವುದಕ್ಕೆ ಬಹುಪಾಲು ಇದೇ ಕಾರಣ. 'ಎಂಡ್' ಹಾಕದಿದ್ದರೆ ಒಳಪುಟಗಳಲ್ಲೂ ಲಿಂಕ್ ಎದ್ದು ಕಾಣುತ್ತದೆ, ಮತ್ತು ಅಲ್ಲಿಯೂ 'ಪೇಜ್' ಎಂಬ ಮೌಲ್ಯವೇ ಬರುತ್ತದೆ. ಬರೀ ಓರೆಗೆರೆಯ ಮೂಲ ಪಾತ್‌ಗೆ ಮಾತ್ರ ವಿನಾಯಿತಿಯಿದೆ: ಎಲ್ಲ ವಿಳಾಸಗಳೂ ಅದರಿಂದಲೇ ಆರಂಭವಾಗುವುದರಿಂದ ಅದನ್ನು ನಿಖರವಾಗಿಯೇ ಹೋಲಿಸಲಾಗುತ್ತದೆ. ಈ ವಿನಾಯಿತಿ ಭಾಷಾ ಪೂರ್ವಪದಕ್ಕೆ ಅನ್ವಯಿಸುವುದಿಲ್ಲ ಎಂಬುದನ್ನು ದ್ವಿಭಾಷಾ ಆ್ಯಪ್ ಮಾಡುವವರು ಗಮನಿಸಬೇಕು. ಕನ್ನಡದ ಮುಖಪುಟ 'ಕೆಎನ್' ಎಂಬ ಪೂರ್ವಪದದಲ್ಲಿ ಇದ್ದರೆ ಕನ್ನಡದ ಪ್ರತಿಯೊಂದು ಪುಟವೂ ಆ ಪೂರ್ವಪದದಿಂದಲೇ ಆರಂಭವಾಗುತ್ತದೆ, ಹಾಗಾಗಿ 'ಎಂಡ್' ಹಾಕದಿದ್ದರೆ 'ಮುಖಪುಟ' ಲಿಂಕ್ ಎಲ್ಲ ಪುಟಗಳಲ್ಲೂ ಬೆಳಗುತ್ತಲೇ ಇರುತ್ತದೆ.

ವ್ಯೂ ರೂಟರ್‌ನ 'ರೂಟರ್-ಲಿಂಕ್' ಎರಡು ಕ್ಲಾಸ್‌ಗಳನ್ನು ಕೊಡುತ್ತದೆ, ಒಂದು ವಿಭಾಗಕ್ಕೆ, ಇನ್ನೊಂದು ನಿಖರ ಪುಟಕ್ಕೆ. ಏರಿಯಾ-ಕರೆಂಟ್ ಬರುವುದು ನಿಖರ ಪುಟಕ್ಕೆ ಮಾತ್ರ. ನನ್ನ ಮಟ್ಟಿಗೆ ಇದೇ ಅತ್ಯಂತ ವಿವೇಕದ ವಿನ್ಯಾಸ. ಆದರೆ 4ನೇ ಆವೃತ್ತಿಯಿಂದ ಇಲ್ಲಿ ಹೋಲಿಕೆ ನಡೆಯುವುದು ರೂಟ್‌ಗಳ ದಾಖಲೆಗಳ ನಡುವೆ, ಪಾತ್‌ನ ಅಕ್ಷರಗಳ ನಡುವೆ ಅಲ್ಲ. ಒಂದು ಪುಸ್ತಕದ ರೂಟ್ ಅನ್ನು ಪುಸ್ತಕಗಳ ರೂಟ್‌ನ ಮಗುವಾಗಿ ಬರೆಯದೆ ಪಕ್ಕದಲ್ಲಿ ಬರೆದರೆ, ವಿಳಾಸ ಎಷ್ಟೇ ಹೋಲುತ್ತಿದ್ದರೂ 'ಪುಸ್ತಕಗಳು' ಲಿಂಕ್‌ಗೆ ಗುರುತು ಬರುವುದಿಲ್ಲ. ಪರಿಹಾರ ರೂಟ್‌ಗಳ ಪಟ್ಟಿಯಲ್ಲಿದೆ, ಬಾರ್‌ನಲ್ಲಿ ಅದನ್ನು ಹುಡುಕಬಾರದು.

ಆಂಗ್ಯುಲರ್‌ನಲ್ಲಿ 'ರೂಟರ್ ಲಿಂಕ್ ಆ್ಯಕ್ಟಿವ್' ಎಂಬ ಡೈರೆಕ್ಟಿವ್ ಕ್ಲಾಸ್ ಹಾಕುತ್ತದೆ. ಏರಿಯಾ-ಕರೆಂಟ್ ಬೇಕೆಂದರೆ ಅದಕ್ಕಾಗಿಯೇ ಇರುವ ಇನ್‌ಪುಟ್ ಅನ್ನು ಬೇರೆಯಾಗಿ ಕೊಡಬೇಕು. ಮೂಲ ಪಾತ್‌ಗೆ ಇಲ್ಲಿ ವಿನಾಯಿತಿ ಇಲ್ಲ, ಮುಖಪುಟದ ಲಿಂಕ್‌ಗೆ ನಿಖರ ಹೋಲಿಕೆಯನ್ನು ನಾವೇ ಕೇಳಬೇಕು. ಮೈಕ್ರೋಸಾಫ್ಟ್‌ನ ಬ್ಲೇಜರ್ ಫ್ರೇಮ್‌ವರ್ಕ್‌ನ ನ್ಯಾವ್‌ಲಿಂಕ್‌ನಲ್ಲಿಯೂ ಹೀಗೆಯೇ, ಪೂರ್ವಭಾಗದ ಹೋಲಿಕೆ ಸಹಜ, ಪೂರ್ತಿ ಹೋಲಿಕೆ ಬೇಕಾದರೆ ಹೇಳಬೇಕು.

ಪಾತ್ ಅನ್ನು ನಾವೇ ಹೋಲಿಸುವಾಗ

ನೆಕ್ಸ್ಟ್‌ಜೆಎಸ್‌ನ ಲಿಂಕ್ ಕಾಂಪೊನೆಂಟ್ ಯಾವ ಗುರುತನ್ನೂ ಹಾಕುವುದಿಲ್ಲ. ಆ್ಯಪ್ ರೂಟರ್ ಬಳಸುವವರು ಸರ್ವರ್ ಕಾಂಪೊನೆಂಟ್ ಆಗಿರುವ ಲೇಔಟ್‌ನಲ್ಲಿಯೇ ಪಾತ್ ತಿಳಿದುಕೊಳ್ಳಲು ಹೋಗಿ ಸೋಲುತ್ತಾರೆ. ಕಾರಣ ಇಷ್ಟೇ: ಒಂದೇ ಲೇಔಟ್‌ನ ಅಡಿಯಲ್ಲಿ ಪುಟದಿಂದ ಪುಟಕ್ಕೆ ಹೋಗುವಾಗ ಲೇಔಟ್ ಮತ್ತೆ ರೆಂಡರ್ ಆಗುವುದಿಲ್ಲ, ಆದ್ದರಿಂದ ಅದಕ್ಕೆ ಪಾತ್ ಕೊಟ್ಟರೂ ಅದು ಹಳಸುತ್ತದೆ. ಲಿಂಕ್‌ಗಳ ಪಟ್ಟಿಯನ್ನಷ್ಟೇ ಬ್ರೌಸರ್‌ನಲ್ಲಿಯೂ ನಡೆಯುವ ಚಿಕ್ಕ ಕ್ಲೈಂಟ್ ಕಾಂಪೊನೆಂಟ್ ಆಗಿ ಬೇರ್ಪಡಿಸಿ, ಅದರೊಳಗೆ 'ಯೂಸ್ ಪಾತ್‌ನೇಮ್' ಹುಕ್ (ಈಗಿನ ಪಾತ್ ಕೊಡುವ ಫಂಕ್ಷನ್) ಬಳಸುವುದು ಸರಿಯಾದ ಕ್ರಮ. ವಿಭಾಗದ ಹೆಸರು ಮಾತ್ರ ಸಾಕಾದರೆ 'ಯೂಸ್ ಸೆಲೆಕ್ಟೆಡ್ ಲೇಔಟ್ ಸೆಗ್ಮೆಂಟ್' ಎಂಬ ಹುಕ್ ಇನ್ನೂ ಒಳ್ಳೆಯದು, ಏಕೆಂದರೆ ಅದು ಪಾತ್‌ನ ಅಕ್ಷರಗಳನ್ನು ಕೈಗೆ ಕೊಡದೆ ಯಾವ ಭಾಗ ತೆರೆದಿದೆ ಎಂಬುದನ್ನು ನೇರವಾಗಿ ಹೇಳುತ್ತದೆ.

ಕೈಯಿಂದ ಹೋಲಿಸುವುದು ಅನಿವಾರ್ಯವಾದಾಗ ಮೂರು ನಾಲ್ಕು ಕಡೆ ಎಚ್ಚರ ಬೇಕು. 'ಪುಸ್ತಕ' ಎಂಬ ಪಾತ್‌ನಿಂದ ಆರಂಭವಾಗುತ್ತದೆಯೇ ಎಂದಷ್ಟೇ ಕೇಳಿದರೆ 'ಪುಸ್ತಕಮೇಳ' ಎಂಬ ಬೇರೆಯೇ ವಿಭಾಗಕ್ಕೂ ಹೌದು ಎಂಬ ಉತ್ತರ ಬರುತ್ತದೆ. ಪಾತ್ ಪೂರ್ತಿ ಸಮವಾಗಿರಬೇಕು, ಇಲ್ಲವೇ ಅದರ ಮುಂದೆ ಓರೆಗೆರೆ ಇರಬೇಕು ಎಂಬ ಎರಡು ಷರತ್ತುಗಳನ್ನು ಒಟ್ಟಿಗೆ ಇಡಬೇಕು. ಕೊನೆಯ ಓರೆಗೆರೆಯನ್ನು ಹೋಲಿಕೆಗೆ ಮೊದಲು ತೆಗೆದುಬಿಡಬೇಕು. ಹುಡುಕಾಟದ ಪದ ಅಥವಾ ಪುಟಸಂಖ್ಯೆ ಹೊತ್ತ ಕ್ವೆರಿ ಭಾಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು.

ಕನ್ನಡದಲ್ಲಿಯೇ ವಿಳಾಸ ಇಡುವ ಆ್ಯಪ್‌ಗಳಿಗೆ ಇದಕ್ಕಿಂತ ಗಹನವಾದ ತೊಡಕೊಂದಿದೆ, ಇದನ್ನು ಇಂಗ್ಲಿಷ್ ಕೈಪಿಡಿಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಬ್ರೌಸರ್‌ನ ಅಡ್ರೆಸ್ ಬಾರ್‌ನಲ್ಲಿ 'ಪುಸ್ತಕ' ಎಂದು ಚೆನ್ನಾಗಿ ಕಂಡರೂ, ಬ್ರೌಸರ್‌ನ ಲೊಕೇಶನ್ ವಸ್ತುವಿನ ಪಾತ್‌ನೇಮ್ ಕೇಳಿದರೆ ಸಿಗುವುದು ಪರ್ಸೆಂಟ್ ಎನ್‌ಕೋಡಿಂಗ್ ಆದ ರೂಪ, ಅಂದರೆ ಒಂದೊಂದು ಬೈಟ್ ಅನ್ನೂ ಪರ್ಸೆಂಟ್ ಚಿಹ್ನೆ ಮತ್ತು ಎರಡು ಅಂಕಿ-ಅಕ್ಷರಗಳಾಗಿ ಬರೆದದ್ದು. 'ಪುಸ್ತಕ' ಪದದಲ್ಲಿ ಪ, ಉಕಾರ, ಸ, ಹಲಂತ, ತ, ಕ ಎಂದು ಯುನಿಕೋಡ್‌ನ 6 ಸಂಕೇತಗಳಿವೆ. ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್‌ಗಳು, ಒಂದೊಂದು ಬೈಟ್ ಬರೆಯಲು 3 ಅಕ್ಷರಗಳು, ಹೀಗೆ ಒಟ್ಟು 54 ಅಕ್ಷರಗಳ ಸಾಲು ಕೈಗೆ ಬರುತ್ತದೆ. ಅದನ್ನು ಲಿಂಕ್‌ನಲ್ಲಿ ಬರೆದಿರುವ 'ಪುಸ್ತಕ'ದ ಜೊತೆ ಹೋಲಿಸಿದರೆ ಎಂದಿಗೂ ಸಮ ಆಗುವುದಿಲ್ಲ. ಜಾಂಗೊದಂಥ ಸರ್ವರ್ ಫ್ರೇಮ್‌ವರ್ಕ್ ಪಾತ್ ಅನ್ನು ಡಿಕೋಡ್ ಮಾಡಿಯೇ ಕೊಡುತ್ತದೆ, ಬ್ರೌಸರ್ ಎನ್‌ಕೋಡ್ ಆದದ್ದನ್ನು ಕೊಡುತ್ತದೆ. ಎರಡೂ ಕಡೆ ಒಂದೇ ತರ್ಕವನ್ನು ಬರೆದರೆ ಸರ್ವರ್‌ನಲ್ಲಿ ಸರಿಯಿದ್ದದ್ದು ಬ್ರೌಸರ್‌ನಲ್ಲಿ ತಪ್ಪುತ್ತದೆ. ಹೋಲಿಕೆಗೆ ಮೊದಲು ಎರಡೂ ಬದಿಯನ್ನು ಡಿಕೋಡ್ ಮಾಡಿಕೊಳ್ಳುವುದೇ ಕ್ಷೇಮ.

ಡಿಕೋಡ್ ಮಾಡಿದ ಮೇಲೂ ಒಂದು ಮೆಟ್ಟಿಲು ಉಳಿಯುತ್ತದೆ. 'ಲೇಖಕರು' ಪದದ 'ಲೇ' ಅಕ್ಷರವನ್ನು ಯುನಿಕೋಡ್‌ನಲ್ಲಿ ಲ ಮತ್ತು ಏತ್ವ ಎಂದು ಎರಡು ಸಂಕೇತಗಳಲ್ಲಿ ಬರೆಯಬಹುದು, ಅಥವಾ ಲ, ಎತ್ವ, ದೀರ್ಘದ ಚಿಹ್ನೆ ಎಂದು ಮೂರರಲ್ಲಿಯೂ ಬರೆಯಬಹುದು. ಪರದೆಯ ಮೇಲೆ ಎರಡಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ, ಆದರೆ ಜಾವಾಸ್ಕ್ರಿಪ್ಟ್‌ಗೆ ಇವು ಬೇರೆ ಬೇರೆ ಪದಗಳು. ಈಕಾರ, ಐತ್ವ, ಒತ್ವ, ಓತ್ವಗಳಿಗೂ ಇದು ಅನ್ವಯಿಸುತ್ತದೆ. ಡೇಟಾಬೇಸ್‌ಗೆ ಪದ ಬಂದ ದಾರಿ ಒಂದು, ಕೋಡ್‌ನಲ್ಲಿ ಟೈಪ್ ಮಾಡಿದ ಕೀಲಿಮಣೆ ಇನ್ನೊಂದು ಆಗಿದ್ದರೆ ಈ ಭಿನ್ನತೆ ನುಸುಳುವುದಕ್ಕೆ ಎಡೆಯಿದೆ. ಎರಡೂ ಬದಿಗೆ ನಾರ್ಮಲೈಸ್ ವಿಧಾನದಿಂದ ಎನ್‌ಎಫ್‌ಸಿ ಎಂಬ ಯುನಿಕೋಡ್‌ನ ಏಕರೂಪದ ಬರವಣಿಗೆ ಕೊಟ್ಟರೆ ಸಮಸ್ಯೆ ತೀರುತ್ತದೆ. ಇಷ್ಟೆಲ್ಲ ಜಾಗ್ರತೆ ಬೇಕಾಗುವುದು ವಿಳಾಸದ ಅಕ್ಷರಗಳನ್ನು ಹೋಲಿಸಲು ಹೊರಟಾಗ ಮಾತ್ರ. ರೂಟ್‌ನ ಹೆಸರನ್ನು ಆಧರಿಸಿದವರಿಗೆ ಬಾರ್‌ನ ಮಟ್ಟಿಗೆ ಇದರ ಗೊಡವೆಯೇ ಇಲ್ಲ.

ಬಾರ್‌ನ ಇಡೀ ರೂಪ ಬದಲಾಗಬೇಕಾದಾಗ

ಇನ್ನು ಎರಡನೆಯ ಬೇಡಿಕೆ. ಪಾರದರ್ಶಕ ಬಾರ್ ಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ಪುಟದ ಒಳಗಿರುವ ಚಿತ್ರ, ಬಾರ್‌ಗೆ ಅದು ತಾನಾಗಿ ತಿಳಿಯುವ ವಿಷಯವಲ್ಲ. ಹಾಗಾಗಿ ಪುಟವೇ 'ನನಗೆ ಇಂಥ ಬಾರ್ ಬೇಕು' ಎಂದು ಘೋಷಿಸಬೇಕು, ಬಾರ್ ಅದನ್ನು ಪಾಲಿಸಬೇಕು. ಸಿಎಸ್‌ಎಸ್‌ನಲ್ಲಿ ಹಿನ್ನೆಲೆ, ಅಕ್ಷರದ ಬಣ್ಣ, ಗೆರೆಯ ಬಣ್ಣ ಎಂಬ ಮೂರು ಕಸ್ಟಮ್ ಪ್ರಾಪರ್ಟಿಗಳನ್ನು (ನಾವೇ ಹೆಸರಿಡುವ ಮೌಲ್ಯಗಳನ್ನು) ಇಟ್ಟುಕೊಂಡು, ಒಂದೊಂದು ರೂಪಕ್ಕೂ ಅವುಗಳ ಮೌಲ್ಯ ಮಾತ್ರ ಬದಲಾಗುವಂತೆ ಬರೆದರೆ ಬಾರ್‌ನ ನಿಯಮಗಳು ಒಮ್ಮೆ ಬರೆದಂತೆಯೇ ಉಳಿಯುತ್ತವೆ. ಪ್ರಶ್ನೆ ಆ ಘೋಷಣೆಯನ್ನು ಎಲ್ಲಿ ಮಾಡಬೇಕು ಎಂಬುದು.

ಸರ್ವರ್ ಟೆಂಪ್ಲೇಟ್ ಇರುವಲ್ಲಿ ಬಾಡಿ ಟ್ಯಾಗ್‌ನ ಮೇಲೆ ಒಂದು ಡೇಟಾ ಆಟ್ರಿಬ್ಯೂಟ್ ಸಾಕು. ಮೂಲ ಟೆಂಪ್ಲೇಟಿನಲ್ಲಿ ಅದಕ್ಕೊಂದು ಬ್ಲಾಕ್ ಇಟ್ಟು, ಮುಖಪುಟದ ಟೆಂಪ್ಲೇಟ್ ಅದನ್ನು ತುಂಬುತ್ತದೆ. ಇದಕ್ಕಿಂತ ಸರಳವಾದದ್ದು ಇಲ್ಲ.

ರೂಟರ್ ಇರುವ ಆ್ಯಪ್‌ಗಳಲ್ಲಿ ನನ್ನ ಮೊದಲ ಆಯ್ಕೆ ರೂಟ್‌ನ ಜೊತೆಗೇ ಈ ಮಾಹಿತಿಯನ್ನು ಬರೆಯುವುದು. ವ್ಯೂ ರೂಟರ್‌ನಲ್ಲಿ 'ಮೆಟಾ', ರಿಯಾಕ್ಟ್ ರೂಟರ್‌ನ ಡೇಟಾ ರೂಟರ್‌ಗಳಲ್ಲಿ 'ಹ್ಯಾಂಡಲ್', ಆಂಗ್ಯುಲರ್‌ನಲ್ಲಿ 'ಡೇಟಾ' ಇದಕ್ಕೆಂದೇ ಇವೆ. ವ್ಯೂನಲ್ಲಿ ತಂದೆ ರೂಟ್‌ನ ಮೆಟಾ ಮಕ್ಕಳಿಗೂ ಹರಿದು ಬರುತ್ತದೆ, ಮಗುವಿನದು ತಂದೆಯದನ್ನು ಮೀರಬಹುದು. ಆಂಗ್ಯುಲರ್‌ನಲ್ಲಿ ಈ ಹರಿವು ಎಲ್ಲ ಮಕ್ಕಳಿಗೂ ತಲುಪುತ್ತದೆಯೇ ಎಂಬುದು ಸೆಟ್ಟಿಂಗ್‌ಗೆ ಬಿಟ್ಟದ್ದು, ಅದನ್ನು ನೋಡಿಕೊಳ್ಳಬೇಕು.

ಬದಲಾಗುವುದು ಬಣ್ಣವಷ್ಟೇ ಆಗದೆ ಬಾರ್‌ನ ಒಳಗಿನ ಸರಕೇ ಆದಾಗ, ಉದಾಹರಣೆಗೆ ಪಾವತಿ ಪುಟದ ಬರೀ ಲೋಗೋ ಬಾರ್, ಬೇರೆ ಲೇಔಟ್ ಮಾಡುವುದೇ ಮೇಲು. ನೆಕ್ಸ್ಟ್‌ಜೆಎಸ್‌ನ ರೂಟ್ ಗುಂಪುಗಳು ಇದಕ್ಕೆ ಹೇಳಿಮಾಡಿಸಿದಂತಿವೆ. ಆದರೆ ಗುಂಪಿಗೊಂದು ಮೂಲ (ಎಲ್ಲಕ್ಕಿಂತ ಹೊರಗಿನ) ಲೇಔಟ್ ಇಟ್ಟರೆ, ಒಂದು ಗುಂಪಿನಿಂದ ಇನ್ನೊಂದಕ್ಕೆ ಹೋಗುವಾಗ ಪುಟ ಪೂರ್ತಿಯಾಗಿ ಹೊಸದಾಗಿ ಲೋಡ್ ಆಗುತ್ತದೆ. ಅಂಗಡಿಯಿಂದ ಪಾವತಿಗೆ ಹೋಗುವಾಗ ಇದನ್ನು ಒಪ್ಪಿಕೊಳ್ಳಬಹುದು. ಮುಖಪುಟದಿಂದ ಪುಸ್ತಕಗಳ ಪಟ್ಟಿಗೆ ಹೋಗುವಾಗ ಒಪ್ಪಬಾರದು.

ಹ್ಯಾಸ್ ಸೆಲೆಕ್ಟರ್ ಈ ಕೆಲಸಕ್ಕೆ ಆಕರ್ಷಕವಾಗಿ ಕಾಣುತ್ತದೆ. ಮೇನ್ ಟ್ಯಾಗ್‌ನ ಮೇಲೆ ಡೇಟಾ ಆಟ್ರಿಬ್ಯೂಟ್ ಇದ್ದರೆ ಮೇಲಿರುವ ಹೆಡರ್ ಪಾರದರ್ಶಕವಾಗಲಿ ಎಂದು ಸಿಎಸ್‌ಎಸ್‌ನಲ್ಲಿಯೇ ಹೇಳಬಹುದು, ಜಾವಾಸ್ಕ್ರಿಪ್ಟ್ ಬೇಡ. ಸಫಾರಿ 15.4ರಲ್ಲಿ 2022ರ ಮಾರ್ಚ್‌ನಲ್ಲಿ, ಕ್ರೋಮ್ 105ರಲ್ಲಿ ಅದೇ ವರ್ಷದ ಆಗಸ್ಟ್‌ನಲ್ಲಿ, ಫೈರ್‌ಫಾಕ್ಸ್ 121ರಲ್ಲಿ 2023ರ ಡಿಸೆಂಬರ್‌ನಲ್ಲಿ ಇದು ಬಂದಿರುವುದರಿಂದ ಇಂದು ನೆಚ್ಚಬಹುದಾದ ಸಾಧನವೇ ಸರಿ, ಹಳೆಯ ಫೋನ್‌ಗಳಿಗೆ ಗಟ್ಟಿ ಹಿನ್ನೆಲೆಯ ಬಾರ್ ಉಳಿದರೆ ನಷ್ಟವೇನಿಲ್ಲ. ಇದರ ದೌರ್ಬಲ್ಯ ಕ್ರಮದಲ್ಲಿದೆ. ಎಚ್‌ಟಿಎಂಎಲ್ ತುಣುಕು ತುಣುಕಾಗಿ ಬರುವಾಗ ಹೆಡರ್ ಮೊದಲು ಬಂದು ಪರದೆಯ ಮೇಲೆ ಮೂಡಬಹುದು, ಮೇನ್ ಟ್ಯಾಗ್ ಆಮೇಲೆ ಬರುತ್ತದೆ. ಆ ನಡುವಿನ ಕ್ಷಣದಲ್ಲಿ ಬಾರ್ ಗಟ್ಟಿಯಾಗಿ ಕಂಡು ಮರುಕ್ಷಣ ಪಾರದರ್ಶಕವಾಗುತ್ತದೆ. ಚಿಕ್ಕ ಸ್ಥಿರ ಜಾಲತಾಣಗಳಿಗೆ ಇದನ್ನು ಧಾರಾಳವಾಗಿ ಬಳಸಬಹುದು, ಎಚ್‌ಟಿಎಂಎಲ್ ಅನ್ನು ಹೀಗೆ ತುಣುಕಾಗಿ ಕಳಿಸುವ (ಸ್ಟ್ರೀಮಿಂಗ್) ಆ್ಯಪ್‌ಗೆ ನಾನು ಸಲಹೆ ಮಾಡುವುದಿಲ್ಲ.

ಕೊನೆಗೆ ಉಳಿಯುವುದು ಪುಟದ ಕಾಂಪೊನೆಂಟ್‌ನೊಳಗೆ ಎಫೆಕ್ಟ್ ಬರೆದು ಬಾಡಿಗೆ ಕ್ಲಾಸ್ ಹಾಕುವ ಪದ್ಧತಿ. ರಿಯಾಕ್ಟ್‌ನಲ್ಲಿ ಎಫೆಕ್ಟ್ ಸಾಮಾನ್ಯವಾಗಿ ಪುಟ ಪರದೆಯ ಮೇಲೆ ಮೂಡಿದ ನಂತರ ನಡೆಯುತ್ತದೆ, ಹಾಗಾಗಿ ಮಿನುಗು ತಪ್ಪಿದ್ದಲ್ಲ. ಸರ್ವರ್‌ನಲ್ಲಿ ಅದು ನಡೆಯುವುದೇ ಇಲ್ಲ. ಪುಟ ಬಿಡುವಾಗ ಕ್ಲಾಸ್ ತೆಗೆಯಲು ಮರೆತರೆ ಮುಂದಿನ ಪುಟದ ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರಗಳು ಉಳಿದುಬಿಡುತ್ತವೆ. ಬೇರೆ ದಾರಿ ಇರುವವರೆಗೆ ಇದನ್ನು ಮುಟ್ಟದಿರುವುದು ಒಳಿತು.

ಗುರುತು ಹೇಗೆ ಕಾಣಬೇಕು

ವೆಬ್ ಎಲ್ಲರಿಗೂ ಬಳಸಲು ಬರುವಂತಿರಬೇಕು ಎಂಬ ಡಬ್ಲ್ಯುಸಿಎಜಿ ನಿಯಮಗಳ ಪ್ರಕಾರ ಬಣ್ಣವೊಂದೇ ಗುರುತಾಗಬಾರದು. ಅಕ್ಷರ ಮತ್ತು ಹಿನ್ನೆಲೆಯ ನಡುವೆ ಸಾಮಾನ್ಯ ಗಾತ್ರದ ಪಠ್ಯಕ್ಕೆ ಕನಿಷ್ಠ 4.5:1, ಗೆರೆಯಂಥ ಗುರುತಿಗೆ 3:1 ಅನುಪಾತದ ವ್ಯತ್ಯಾಸ ಬೇಕು. ಚಿತ್ರದ ಮೇಲೆ ನಿಲ್ಲುವ ಪಾರದರ್ಶಕ ಬಾರ್ ಈ ಪರೀಕ್ಷೆಯಲ್ಲಿ ಸುಲಭವಾಗಿ ಸೋಲುತ್ತದೆ. ಚಿತ್ರದ ಮೇಲಂಚಿಗೆ ಕಪ್ಪು ಛಾಯೆಯ ಪದರ ಹಾಕುವುದು ಅಗತ್ಯ.

ಕನ್ನಡ ಲಿಪಿಯ ಬಾರ್‌ಗೆ ಕೆಲವು ವಿಶೇಷ ಮಾತುಗಳಿವೆ. ಇಂಗ್ಲಿಷ್‌ನಲ್ಲಿ ಈಗಿನ ಲಿಂಕ್ ಅನ್ನು ದೊಡ್ಡಕ್ಷರಕ್ಕೆ ತಿರುಗಿಸುವ ರೂಢಿ ಇಲ್ಲಿ ಏನನ್ನೂ ಮಾಡುವುದಿಲ್ಲ. ಪಠ್ಯಕ್ಕೆ ಅಡಿಗೆರೆ ಎಳೆದರೆ 'ಪುಸ್ತಕಗಳು' ಪದದ ತ-ಒತ್ತಿಗೆ ಅದು ತಾಗುತ್ತದೆ, ಅಥವಾ ಒತ್ತಿಗೆ ದಾರಿ ಬಿಡಲು ಬ್ರೌಸರ್ ಗೆರೆಯನ್ನೇ ಅಲ್ಲಿ ತುಂಡರಿಸುತ್ತದೆ. ಒತ್ತಿನ ಕೆಳಗೆ ಇಳಿಯುವಷ್ಟು ಅಂತರ ಕೊಟ್ಟು ಪ್ರತ್ಯೇಕ ಗೆರೆ ಎಳೆಯುವುದು ಚೆಂದ. ದಪ್ಪ ಅಕ್ಷರ ಬೇಕಾದರೆ ಫಾಂಟ್‌ನ ದಪ್ಪ ರೂಪವನ್ನೂ ಲೋಡ್ ಮಾಡಬೇಕು. ನೋಟೊ ಸಾನ್ಸ್ ಕನ್ನಡದಲ್ಲಿ 100ರಿಂದ 900ರವರೆಗೆ ತೂಕಗಳಿವೆ, ಆದರೆ 400ರ ಕಡತ ಮಾತ್ರ ತಂದರೆ ಬ್ರೌಸರ್ ದಪ್ಪವನ್ನು ಕೃತಕವಾಗಿ ಹುಟ್ಟಿಸಿ, ಅಕ್ಷರಗಳ ಒಳಗಿನ ಸಣ್ಣ ಸುರುಳಿಗಳನ್ನು ಮುಚ್ಚಿಬಿಡುತ್ತದೆ. ತೂಕ ಬದಲಾದಾಗ ಪದದ ಅಗಲವೂ ಬದಲಾಗಿ ಪಕ್ಕದ ಲಿಂಕ್‌ಗಳು ಸರಿಯುತ್ತವೆ ಎಂಬುದೂ ನೆನಪಿರಲಿ.

ಗೆರೆಯನ್ನು ಎಳೆಯುವ ಬಗೆಯಲ್ಲೂ ಒಂದು ಆಯ್ಕೆ ಇದೆ. ಜಾಗ ಕಾದಿರಿಸಲು ಎಲ್ಲ ಲಿಂಕ್‌ಗಳಿಗೂ ಪಾರದರ್ಶಕ ಬಾರ್ಡರ್ ಕೊಟ್ಟು, ಈಗಿನದಕ್ಕೆ ಮಾತ್ರ ಬಣ್ಣ ತುಂಬುವ ಅಭ್ಯಾಸ ವ್ಯಾಪಕವಾಗಿದೆ. ವಿಂಡೋಸ್‌ನ ಹೆಚ್ಚು ಕಾಂಟ್ರಾಸ್ಟ್ ಥೀಮ್ ಹಾಕಿಕೊಂಡವರ ಪರದೆಯಲ್ಲಿ ಬ್ರೌಸರ್ ಬಾರ್ಡರ್‌ಗಳಿಗೆಲ್ಲ ತನ್ನದೇ ಬಣ್ಣ ಹೇರುವುದರಿಂದ ನಾಲ್ಕೂ ಲಿಂಕ್‌ಗಳ ಕೆಳಗೆ ಗೆರೆ ಮೂಡಿ ಗುರುತಿನ ಅರ್ಥವೇ ಹೋಗುತ್ತದೆ. ಹಿನ್ನೆಲೆ ಬಣ್ಣವನ್ನು ಮಾತ್ರ ನಂಬಿದ್ದರೆ ಆ ಬಣ್ಣವೂ, ಬಾಕ್ಸ್-ಶ್ಯಾಡೋ ನಂಬಿದ್ದರೆ ಆ ನೆರಳೂ ಅಲ್ಲಿ ಅಳಿಸಿಹೋಗುತ್ತದೆ. ಏರಿಯಾ-ಕರೆಂಟ್ ಇರುವ ಲಿಂಕ್‌ಗೆ ಮಾತ್ರ 'ಆಫ್ಟರ್' ಎಂಬ ಸೂಡೊ ಎಲಿಮೆಂಟ್ ಅನ್ನು (ಎಚ್‌ಟಿಎಂಎಲ್‌ನಲ್ಲಿ ಇಲ್ಲದ ಭಾಗವನ್ನು) ಸಿಎಸ್‌ಎಸ್‌ನಿಂದ ಹುಟ್ಟಿಸಿ, ಅದನ್ನು ಅಬ್ಸಲ್ಯೂಟ್ ಸ್ಥಾನದಲ್ಲಿ ಇಟ್ಟು, ಅದಕ್ಕೆ ಬಾರ್ಡರ್ ಕೊಟ್ಟರೆ ಜಾಗವೂ ಸರಿಯುವುದಿಲ್ಲ, ಆ ಥೀಮ್‌ನಲ್ಲಿಯೂ ಒಂದೇ ಗೆರೆ ಉಳಿಯುತ್ತದೆ.

ಈಗಾಗಲೇ ನಡೆಯುತ್ತಿರುವ ಆ್ಯಪ್‌ನಲ್ಲಿ

ಹಳೆಯ ಆ್ಯಪ್‌ನ ಬಾರ್ ತುಂಬ ಪಾತ್‌ನ ಷರತ್ತುಗಳಿದ್ದರೆ ಒಂದೇ ಬಾರಿಗೆ ಎಲ್ಲವನ್ನೂ ಕಿತ್ತು ಕಟ್ಟಬೇಕಾಗಿಲ್ಲ. ಆ್ಯಕ್ಟಿವ್ ಕ್ಲಾಸ್ ಎಲ್ಲಿ ಹಾಕಲಾಗುತ್ತಿದೆಯೋ ಅಲ್ಲಿಯೇ ಅದೇ ಷರತ್ತಿನ ಮೇಲೆ ಏರಿಯಾ-ಕರೆಂಟ್ ಅನ್ನೂ ಹಾಕುವುದರಿಂದ ಆರಂಭಿಸಬಹುದು. ನಂತರ ಸಿಎಸ್‌ಎಸ್ ಅನ್ನು ಕ್ಲಾಸ್‌ನಿಂದ ಆಟ್ರಿಬ್ಯೂಟ್‌ಗೆ ವರ್ಗಾಯಿಸಬೇಕು. ಆ ಹಂತ ಮುಗಿದ ಮೇಲೆ ಬಾರ್‌ನ ರೂಪಕ್ಕೆ ಸಂಬಂಧಿಸಿದ ಷರತ್ತುಗಳನ್ನು ಒಂದೊಂದಾಗಿ ರೂಟ್‌ನ ಮೆಟಾ ಅಥವಾ ಟೆಂಪ್ಲೇಟಿನ ಬ್ಲಾಕ್‌ಗೆ ಸರಿಸಬಹುದು. ಪ್ರತಿ ಹಂತದಲ್ಲೂ ಬ್ರೌಸರ್‌ನ ಹಿಂದಿನ ಪುಟದ ಗುಂಡಿ ಒತ್ತಿ, ಒಳಪುಟವೊಂದನ್ನು ನೇರವಾಗಿ ಹೊಸ ಟ್ಯಾಬ್‌ನಲ್ಲಿ ತೆರೆದು, ತಪ್ಪು ತುಂಬಿದ ಫಾರ್ಮ್ ಸಲ್ಲಿಸಿ ನೋಡಬೇಕು. ಲಿಂಕ್ ಒತ್ತಿದಾಗ ಮಾತ್ರ ಬದಲಾಗುವಂತೆ ಬರೆದ ಬಾರ್ ಮೊದಲ ಎರಡರಲ್ಲಿ, ವಿಳಾಸದ ಊಹೆಯ ಮೇಲೆ ನಿಂತ ಬಾರ್ ಮೂರನೆಯದರಲ್ಲಿ ಸಿಕ್ಕಿಬೀಳುತ್ತದೆ. ಆ್ಯಕ್ಟಿವ್ ಕ್ಲಾಸ್ ಅನ್ನು ಬೇರೆ ಯಾವ ಸ್ಕ್ರಿಪ್ಟ್ ಅಥವಾ ಟೆಸ್ಟ್ ಕೂಡ ಓದುತ್ತಿಲ್ಲವೆಂದು ಖಚಿತವಾದ ನಂತರ ಅದನ್ನು ಅಳಿಸಬಹುದು.